ಹೊಟ್ಟೆಯೊಳಗಿನ ಆಕ್ರಮಣಕಾರಿ ಲಿಂಫೋಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಹೊಟ್ಟೆಯ ಯಾವ ತೊಂದರೆಗೂ ಮೊದಲು ಸಿಗುವ ಹೆಸರು ಗ್ಯಾಸ್ಟ್ರಿಕ್. ಬಹುತೇಕ ಸಲ ಅದು ನಿಜವೂ ಆಗಿರುತ್ತದೆ. ಹಾಗಾಗಿ ಊಟವಾದ ಮೇಲೆ ಎದೆ ಉರಿಯುವವರು ಇದನ್ನು ಓದಿ ಗಾಬರಿಯಾಗುವುದು ಬೇಡ. ಸ್ಕ್ಯಾನ್ ವರದಿಯ ಕೊನೆಯಲ್ಲಿ ‘ಲಿಂಫೋಮಾ ಇರಬಹುದು’ ಎಂಬ ಸಾಲನ್ನು ಕಂಡು ನಿದ್ದೆಗೆಟ್ಟವರಿಗೆ, ವಾರದಿಂದ ವಾರಕ್ಕೆ ಹೊಟ್ಟೆ ಉಬ್ಬುತ್ತಿರುವ ಅಪ್ಪನನ್ನೋ ಅಕ್ಕನನ್ನೋ ಆಸ್ಪತ್ರೆಯಿಂದ ಆಸ್ಪತ್ರೆಗೆ ಕರೆದೊಯ್ಯುತ್ತಿರುವವರಿಗೆ ಇದನ್ನು ಬರೆದಿದ್ದೇನೆ. ಚಿಕಿತ್ಸೆಯ ನಿರ್ಧಾರ ನಿಮ್ಮ ವೈದ್ಯರದ್ದು. ಅವರ ಎದುರು ಕುಳಿತಾಗ ಏನು ಕೇಳಬೇಕೆಂದು ತಿಳಿದಿರಲಿ ಎಂಬುದಷ್ಟೇ ಇಲ್ಲಿನ ಉದ್ದೇಶ.

ಲಿಂಫೋಮಾ ಎಂದರೆ ಕುತ್ತಿಗೆಯಲ್ಲೋ ಕಂಕುಳಲ್ಲೋ ಬರುವ ಗಂಟಲ್ಲವೇ? ಹೊಟ್ಟೆಯಲ್ಲಿ ಹೇಗೆ ಬಂತು?

ಲಿಂಫೋಮಾ ಎಂಬ ಕ್ಯಾನ್ಸರ್ ಹುಟ್ಟುವುದು ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಿಂದ. ಈ ಕಣಗಳು ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) ಮಾತ್ರ ಇರುವುದಿಲ್ಲ. ಜಠರದಲ್ಲಿ, ಸಣ್ಣ ಕರುಳಿನ ಗೋಡೆಯಲ್ಲಿ, ಗುಲ್ಮದಲ್ಲಿ (ಸ್ಪ್ಲೀನ್), ಯಕೃತ್ತಿನಲ್ಲಿ (ಲಿವರ್), ಕರುಳನ್ನು ಹಿಡಿದಿಡುವ ಪೊರೆಯಲ್ಲಿ ಎಲ್ಲೆಡೆ ಇವೆ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಬಲಗಡೆಯ ಮೂಲೆಯಲ್ಲಂತೂ ಇವು ದಟ್ಟವಾಗಿರುತ್ತವೆ. ದುಗ್ಧಗ್ರಂಥಿಗಳ ಹೊರಗೆ ಲಿಂಫೋಮಾ ಕಾಣಿಸಿಕೊಳ್ಳುವ ಜಾಗಗಳಲ್ಲಿ ಜೀರ್ಣಾಂಗಕ್ಕೇ ಮೊದಲ ಸ್ಥಾನ. ಕುತ್ತಿಗೆಯಲ್ಲಿ ಒಂದು ಗಂಟೂ ಇಲ್ಲದೆ ಹೊಟ್ಟೆಯೊಳಗೆ ದೊಡ್ಡ ಗೆಡ್ಡೆ ಬೆಳೆದಿರಲು ಸಾಧ್ಯ.

‘ಆಕ್ರಮಣಕಾರಿ’ ಎಂದು ಬರೆದಿದ್ದಾರೆ. ಇನ್ನು ಆಸೆ ಇಲ್ಲವೆಂದು ಅರ್ಥವೇ?

ಅಲ್ಲ. ಆ ಮಾತು ಬೆಳವಣಿಗೆಯ ವೇಗದ ಕುರಿತದ್ದು. ನಿಧಾನವಾಗಿ ಬೆಳೆಯುವ ಲಿಂಫೋಮಾ ವರ್ಷಗಟ್ಟಲೆ ಸುಮ್ಮನಿರುತ್ತದೆ, ಆದರೆ ಪೂರ್ತಿ ವಾಸಿಯಾಗುವುದು ಕಷ್ಟ. ಆಕ್ರಮಣಕಾರಿ ಬಗೆಯ ಕಣಗಳು ಬೇಗ ಬೇಗ ವಿಭಜನೆಗೊಳ್ಳುತ್ತವೆ, ಆ ಕಾರಣಕ್ಕೇ ಕೀಮೋ ಔಷಧಿಗೆ ಬೇಗ ಸಿಕ್ಕಿಬೀಳುತ್ತವೆ.

ವಯಸ್ಕರಲ್ಲಿ ಹೆಚ್ಚಾಗಿ ಕಾಣುವುದು ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ. ಲಿಂಫೋಮಾದ ಎರಡು ದೊಡ್ಡ ಗುಂಪುಗಳಲ್ಲಿ ಒಂದಾದ ‘ಹಾಡ್ಜ್‌ಕಿನ್ ಅಲ್ಲದ’ ಲಿಂಫೋಮಾಗಳಲ್ಲಿ ಸುಮಾರು ಮೂರನೇ ಒಂದು ಭಾಗ ಇದೇ. ಇದಕ್ಕಿಂತ ಅಪರೂಪದ್ದು, ಇದಕ್ಕಿಂತ ವೇಗದ್ದು ಬರ್ಕಿಟ್ ಲಿಂಫೋಮಾ. ಉಗಾಂಡಾದ ಕಂಪಾಲಾದಲ್ಲಿ ಶಸ್ತ್ರವೈದ್ಯರಾಗಿದ್ದ ಡೆನಿಸ್ ಬರ್ಕಿಟ್ 1958ರಲ್ಲಿ ಮಕ್ಕಳ ದವಡೆಯ ಗೆಡ್ಡೆಯಾಗಿ ಇದನ್ನು ವರ್ಣಿಸಿದರು. ಆಫ್ರಿಕದ ಆ ಪ್ರದೇಶದ ಹೊರಗೆ ಅದೇ ಕಾಯಿಲೆ ದವಡೆ ಬಿಟ್ಟು ಹೊಟ್ಟೆಯಲ್ಲಿ ಕಾಣಿಸಿಕೊಳ್ಳುವುದೇ ಹೆಚ್ಚು. ಅದರ ಕಣಗಳ ಸಂಖ್ಯೆ ಒಂದೆರಡು ದಿನಗಳಲ್ಲೇ ಇಮ್ಮಡಿಯಾಗಬಲ್ಲದು. ‘ಹದಿನೈದು ದಿನದ ಹಿಂದೆ ಪ್ಯಾಂಟ್ ಸರಿಯಾಗಿತ್ತು, ಈಗ ಗುಂಡಿ ಹಾಕಲಾಗುತ್ತಿಲ್ಲ’ ಎಂದು ರೋಗಿ ಹೇಳಿದರೆ ಅದು ಉತ್ಪ್ರೇಕ್ಷೆಯಲ್ಲ.

ಹೊಟ್ಟೆಯಲ್ಲಿ ಇದು ಯಾವ ಯಾವ ರೂಪದಲ್ಲಿ ಬರುತ್ತದೆ?

ಈ ಕಾಯಿಲೆಗೆ ತನ್ನದೇ ಆದ ಮುಖವಿಲ್ಲ. ಬೇರೆ ಕಾಯಿಲೆಯ ವೇಷದಲ್ಲಿ ಬೇರೆ ವಿಭಾಗದ ಬಾಗಿಲು ತಟ್ಟುತ್ತದೆ.

ಬಲಗಡೆ ಕೆಳಹೊಟ್ಟೆಯ ನೋವು, ಜ್ವರ ಎಂದರೆ ಅಪೆಂಡಿಸೈಟಿಸ್ ಎಂದು ರಾತ್ರೋರಾತ್ರಿ ಶಸ್ತ್ರಚಿಕಿತ್ಸೆಗೆ ಒಯ್ಯುತ್ತಾರೆ. ತೆರೆದು ನೋಡಿದರೆ ಕರುಳಿನ ಆ ಮೂಲೆಯೆಲ್ಲ ದಪ್ಪಗಾಗಿರುತ್ತದೆ. ಇನ್ನು ಕೆಲವರಲ್ಲಿ ಕರುಳಿನ ಒಂದು ಭಾಗ, ಅಂಗಿಯ ತೋಳನ್ನು ಒಳಕ್ಕೆ ಎಳೆದುಕೊಂಡಂತೆ, ಪಕ್ಕದ ಭಾಗದೊಳಗೆ ತೂರಿಕೊಳ್ಳುತ್ತದೆ. ಪುಟ್ಟ ಮಕ್ಕಳಲ್ಲಿ ಇದು ಕಾರಣವಿಲ್ಲದೆಯೂ ಆಗುತ್ತದೆ. ವಯಸ್ಕರಲ್ಲಿ ಆದರೆ, ಅದನ್ನು ಒಳಗೆಳೆಯುವ ಗೆಡ್ಡೆ ಅಲ್ಲಿದೆ ಎಂದೇ ಅನುಮಾನಿಸಬೇಕು. ಬಿಟ್ಟು ಬಿಟ್ಟು ಬರುವ ತಿರುಚುವ ನೋವು ಇದರ ಗುರುತು.

ಇಷ್ಟೆಲ್ಲ ಗೆಡ್ಡೆಯಿದ್ದರೂ ಎಷ್ಟೋ ಸಲ ಕರುಳು ಕಟ್ಟಿಕೊಳ್ಳುವುದೇ ಇಲ್ಲ. ಬೇರೆ ಕ್ಯಾನ್ಸರ್‌ಗಳು ಕರುಳನ್ನು ಬಿಗಿದು ಕಿರಿದಾಗಿಸಿದರೆ, ಲಿಂಫೋಮಾ ಗೋಡೆಯ ಸ್ನಾಯು ಮತ್ತು ನರಗಳನ್ನು ಆಕ್ರಮಿಸಿ ಅಗಲವಾಗಿಸಬಲ್ಲದು. ‘ಮಲವಿಸರ್ಜನೆ ಸರಿಯಾಗಿದೆ, ದೊಡ್ಡದೇನೂ ಇರಲಾರದು’ ಎಂಬ ಸಮಾಧಾನ ಇಲ್ಲಿ ಕೈಕೊಡುತ್ತದೆ.

ಮೇದೋಜ್ಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ತಲೆಯ ಬಳಿ ಬೆಳೆದರೆ ಕಣ್ಣು ಹಳದಿಯಾಗುತ್ತದೆ. ಮನೆಯವರು ಕಾಮಾಲೆಗೆ ಸೊಪ್ಪಿನ ರಸ ಕುಡಿಸುತ್ತಾರೆ, ಆಸ್ಪತ್ರೆಯವರು ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ದೊಡ್ಡ ಶಸ್ತ್ರಚಿಕಿತ್ಸೆಯ ಮಾತಾಡುತ್ತಾರೆ. ಎರಡರ ಚಿಕಿತ್ಸೆಯೂ ಫಲಿತಾಂಶವೂ ಪೂರ್ತಿ ಬೇರೆ. ಹೊಟ್ಟೆಯ ಹಿಂಬದಿ, ಬೆನ್ನಿಗೆ ಹತ್ತಿರದ ಗ್ರಂಥಿಗಳು ಊದಿ ಮೂತ್ರನಾಳವನ್ನು ಒತ್ತಿದರೆ ಕಿಡ್ನಿ ಊದಿಕೊಳ್ಳುತ್ತದೆ, ರೋಗಿ ಕಲ್ಲಿನ ನೋವೆಂದು ಬಾಳೆದಿಂಡಿನ ರಸ ಕುಡಿಯುತ್ತಿರುತ್ತಾರೆ. ದೊಡ್ಡ ರಕ್ತನಾಳವನ್ನು ಒತ್ತಿದರೆ ಕಾಲು ಊದುತ್ತದೆ.

ಅಡ್ರಿನಲ್ ಗ್ರಂಥಿಗಳದ್ದು ಬೇರೆಯೇ ಕಥೆ. ಕಿಡ್ನಿಯ ಮೇಲೆ ಕುಳಿತಿರುವ ಈ ಪುಟ್ಟ ಗ್ರಂಥಿಗಳೆರಡನ್ನೂ ಲಿಂಫೋಮಾ ತುಂಬಿಕೊಂಡರೆ ಹೊಟ್ಟೆನೋವೇ ಇಲ್ಲದಿರಬಹುದು. ವಿಪರೀತ ಸುಸ್ತು, ಎದ್ದು ನಿಂತರೆ ತಲೆಸುತ್ತು, ಕಡಿಮೆ ರಕ್ತದೊತ್ತಡ, ರಕ್ತದಲ್ಲಿ ಸೋಡಿಯಂ ಕುಸಿತ, ಮೈಬಣ್ಣ ಕಪ್ಪಾಗುವುದು ಇದರ ಲಕ್ಷಣಗಳು. ಭಾರತದಲ್ಲಿ ಅಡ್ರಿನಲ್ ಗ್ರಂಥಿಗಳನ್ನು ಕ್ಷಯ ಮತ್ತು ಹಿಸ್ಟೊಪ್ಲಾಸ್ಮಾ ಎಂಬ ಶಿಲೀಂಧ್ರವೂ ಹೀಗೆಯೇ ಊದಿಸುತ್ತವೆ. ಮೂರನ್ನೂ ಸ್ಕ್ಯಾನ್ ನೋಡಿ ಬೇರ್ಪಡಿಸಲಾಗದು.

ಗೆಡ್ಡೆಯೇ ಕಾಣದ ರೂಪವೂ ಉಂಟು. ಹೆಪಟೋಸ್ಪ್ಲೀನಿಕ್ ಟಿ-ಸೆಲ್ ಲಿಂಫೋಮಾ ಎಂಬ ಅಪರೂಪದ ಬಗೆಯಲ್ಲಿ ಗುಲ್ಮ ಮತ್ತು ಯಕೃತ್ತು ಊದುತ್ತವೆ, ಪ್ಲೇಟ್‌ಲೆಟ್ ಇಳಿಯುತ್ತದೆ, ಗ್ರಂಥಿಗಳು ಮಾತ್ರ ಊದಿರುವುದಿಲ್ಲ. ಜ್ವರ ಮತ್ತು ಪ್ಲೇಟ್‌ಲೆಟ್ ಕುಸಿತ ಎಂದರೆ ಈ ಊರಿನಲ್ಲಿ ಎಲ್ಲರ ಮನಸ್ಸಿಗೂ ಮೊದಲು ಬರುವುದು ಡೆಂಗಿ. ಡೆಂಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ವಾರಗಳ ನಂತರವೂ ಗುಲ್ಮ ಊದಿಯೇ ಇದ್ದರೆ ಬೇರೆ ಕಾರಣ ಹುಡುಕಲೇಬೇಕು.

ಅಮ್ಮನ ಹೊಟ್ಟೆಯಲ್ಲಿ ನೀರು ತುಂಬಿದೆ, ಸಿಎ-125 ಹೆಚ್ಚಿದೆ. ಅಂಡಾಶಯದ ಕ್ಯಾನ್ಸರ್ ಎಂದಿದ್ದಾರೆ. ಇದೂ ಲಿಂಫೋಮಾ ಇರಬಹುದೇ?

ಹೆಚ್ಚಿನವರಲ್ಲಿ ಅವರ ಅನುಮಾನವೇ ಸರಿಯಾಗಿರುತ್ತದೆ. ಆದರೆ ಸಿಎ-125 ಎಂಬ ರಕ್ತಪರೀಕ್ಷೆ ಒಂದರ ಮೇಲೆ ತೀರ್ಮಾನ ಮಾಡಬಾರದು. ಹೊಟ್ಟೆಯ ಒಳಪೊರೆಗೆ ಏನೇ ಕಿರಿಕಿರಿಯಾದರೂ ಅದು ಏರುತ್ತದೆ, ಕ್ಷಯವಾದರೂ ಸರಿ, ಲಿಂಫೋಮಾ ಆದರೂ ಸರಿ, ಲಿವರ್ ಸಿರೋಸಿಸ್‌ನ ನೀರಾದರೂ ಸರಿ. ಲಿಂಫೋಮಾ ಹೊಟ್ಟೆಯ ಪೊರೆಯ ಮೇಲೆಲ್ಲ ಹರಡಿದಾಗ ಸ್ಕ್ಯಾನ್‌ನಲ್ಲಿ ಅಂಡಾಶಯದ ಕ್ಯಾನ್ಸರ್‌ನಂತೆಯೇ ಕಾಣಬಹುದು. ಬರ್ಕಿಟ್ ಬಗೆ ಎರಡೂ ಅಂಡಾಶಯಗಳನ್ನು ಒಟ್ಟಿಗೆ ಊದಿಸುವುದೂ ಉಂಟು.

ಎಲ್‌ಡಿಎಚ್ ಎಂಬ ರಕ್ತಪರೀಕ್ಷೆ ತೀರಾ ಹೆಚ್ಚಿದ್ದರೆ, ಕಾಯಿಲೆ ಕೆಲವೇ ವಾರಗಳದ್ದಾಗಿದ್ದರೆ, ಕರುಳಿನ ಸುತ್ತಲ ಗ್ರಂಥಿಗಳು ದೊಡ್ಡದಾಗಿದ್ದರೆ ಲಿಂಫೋಮಾದ ಅನುಮಾನ ಬಲವಾಗುತ್ತದೆ. ಗರ್ಭಕೋಶ, ಅಂಡಾಶಯಗಳನ್ನು ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ‘ಸೂಜಿಯ ಬಯಾಪ್ಸಿ ಸಾಧ್ಯವಿಲ್ಲವೇ, ಹೊಟ್ಟೆಯ ನೀರನ್ನು ಫ್ಲೋ ಸೈಟೊಮೆಟ್ರಿಗೆ ಕಳಿಸಿದ್ದೀರಾ’ ಎಂದು ಕೇಳಿ. ಫ್ಲೋ ಸೈಟೊಮೆಟ್ರಿ ಎಂದರೆ ಕಣಗಳ ಬಗೆ ಗುರುತಿಸುವ ಪರೀಕ್ಷೆ. ಕೆಲವೊಮ್ಮೆ ಆ ನೀರಿನಲ್ಲೇ ಉತ್ತರ ತೇಲುತ್ತಿರುತ್ತದೆ. ಲಿಂಫೋಮಾ ಎಂದಾದರೆ ಆ ಶಸ್ತ್ರಚಿಕಿತ್ಸೆಯೇ ಬೇಕಾಗದಿರಬಹುದು.

ಮೊದಲು ಟಿ.ಬಿ. ಎಂದರು, ಮಾತ್ರೆ ಶುರು ಮಾಡಿದರು. ಈಗ ಲಿಂಫೋಮಾ ಎನ್ನುತ್ತಿದ್ದಾರೆ. ಹೀಗೇಕೆ?

ಈ ಪ್ರಶ್ನೆಯ ಹಿಂದೆ ಕೋಪ ಇರುತ್ತದೆ, ಅದು ಸಹಜ. ಆದರೆ ನಮ್ಮ ದೇಶದಲ್ಲಿ ಹೊಟ್ಟೆಯ ಕ್ಷಯ ಅಪರೂಪವಲ್ಲ, ಅದೂ ಕರುಳಿನ ಅದೇ ಬಲಮೂಲೆಯನ್ನು ಹಿಡಿಯುತ್ತದೆ. ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ಹೊಟ್ಟೆಯ ನೀರು, ಊದಿದ ಗ್ರಂಥಿಗಳು ಎರಡರಲ್ಲೂ ಇವೆ. ಪೆಟ್ ಸ್ಕ್ಯಾನ್‌ನಲ್ಲಿ ಎರಡೂ ಹೊಳೆಯುತ್ತವೆ. ಹೊಟ್ಟೆಯ ನೀರಿನಲ್ಲಿ ಎಡಿಎ ಎಂಬ ಕಿಣ್ವ ಹೆಚ್ಚಿದ್ದರೆ ಕ್ಷಯದತ್ತ ವಾಲುತ್ತೇವೆ, ಲಿಂಫೋಮಾದಲ್ಲೂ ಅದು ಹೆಚ್ಚಬಹುದು. ಜೀನ್‌ಎಕ್ಸ್‌ಪರ್ಟ್ ಎಂಬ ಪರೀಕ್ಷೆಯಲ್ಲಿ ಕ್ಷಯದ ರೋಗಾಣು ಸಿಕ್ಕರೆ ಒಳ್ಳೆಯದೇ, ಸಿಗದಿದ್ದರೆ ಕ್ಷಯವಿಲ್ಲ ಎಂದೇನೂ ಅಲ್ಲ. ಒಬ್ಬರಲ್ಲೇ ಎರಡೂ ಇರುವುದೂ ಉಂಟು.

ಹಾಗಾಗಿ ಅನುಮಾನದ ಮೇಲೆ ಕ್ಷಯದ ಮಾತ್ರೆ ಆರಂಭಿಸುವುದು ಇಲ್ಲಿ ರೂಢಿಯಾಗಿದೆ. ಆ ರೂಢಿಯ ಬಗ್ಗೆ ನನ್ನ ತಕರಾರಿದೆ. ಹೊರಗಿನಿಂದ ಸೂಜಿ ತಲುಪಬಲ್ಲ ಗ್ರಂಥಿ ಇದ್ದೂ, ಕೊಲೊನೋಸ್ಕೋಪಿಯಲ್ಲಿ ಚೂರು ತೆಗೆಯುವ ಅವಕಾಶ ಇದ್ದೂ ತೆಗೆಯದೆ ಆರು ತಿಂಗಳ ಚಿಕಿತ್ಸೆಗೆ ಕಳಿಸುವುದು ಸರಿಯಲ್ಲ. ಅಂಗಾಂಶ ಸಿಗುವುದೇ ಅಸಾಧ್ಯ ಎಂಬ ಸಂದರ್ಭ ಬೇರೆ. ಆಗಲೂ ಗಡುವು ಬೇಕು. ಕ್ಷಯವಾಗಿದ್ದರೆ ಕೆಲವು ವಾರಗಳಲ್ಲಿ ಜ್ವರ ಇಳಿದು ಹಸಿವು ಮರಳಬೇಕು. ಮಾತ್ರೆ ನುಂಗುತ್ತಿದ್ದಂತೆಯೇ ಹೊಟ್ಟೆ ಬೆಳೆಯುತ್ತಿದ್ದರೆ, ತೂಕ ಕರಗುತ್ತಿದ್ದರೆ ಚಿಕಿತ್ಸೆಯ ಮೊದಲ ಎರಡು ತಿಂಗಳ ಹಂತ ಮುಗಿಯಲಿ ಎಂದು ಕಾಯಬೇಡಿ. ಹಾಗೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಅದು ಔಷಧಿಗೆ ಬಗ್ಗದ ಕ್ಷಯಕ್ಕೆ ದಾರಿ. ಅದೇ ವಾರ ವೈದ್ಯರ ಬಳಿ ಹೋಗಿ ಬಯಾಪ್ಸಿಯ ಮಾತೆತ್ತಿ.

ಬಡಾವಣೆಯ ಕ್ಲಿನಿಕ್‌ನಲ್ಲಿ ಕೊಟ್ಟ ಇಂಜೆಕ್ಷನ್‌ನಿಂದ ಜ್ವರ, ನೋವು ಎಲ್ಲ ಹೋಯಿತು. ಇನ್ನೂ ಬಯಾಪ್ಸಿ ಏಕೆ?

ಆ ಇಂಜೆಕ್ಷನ್ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಆಗಿದ್ದರೆ ಆರಾಮವೇ ತೊಂದರೆ. ಸ್ಟೀರಾಯ್ಡ್ ಲಿಂಫೋಮಾ ಕಣಗಳನ್ನು ಕೊಲ್ಲುತ್ತದೆ, ಪೂರ್ತಿ ಅಲ್ಲ. ಗೆಡ್ಡೆ ಕುಗ್ಗುತ್ತದೆ, ಆಗ ಬಯಾಪ್ಸಿ ಮಾಡಿದರೆ ಸತ್ತ ಅಂಗಾಂಶವಷ್ಟೇ ಸಿಗಬಹುದು, ಕೆಲವು ವಾರ ಕಳೆದು ಕಾಯಿಲೆ ಮರಳುತ್ತದೆ. ಯಾವ ಔಷಧಿ ಕೊಟ್ಟರೆಂದು ಚೀಟಿ ಬರೆಸಿಕೊಂಡು ಬನ್ನಿ. ಒಂದು ಅಪವಾದ: ಅಡ್ರಿನಲ್ ಗ್ರಂಥಿ ಕೈಕೊಟ್ಟು ರಕ್ತದೊತ್ತಡ ಕುಸಿದವರಿಗೆ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಜೀವರಕ್ಷಕ, ಅಲ್ಲಿ ಬಯಾಪ್ಸಿಗಾಗಿ ಕಾಯುವ ಹಾಗಿಲ್ಲ.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎನ್ನುತ್ತಾರಲ್ಲ?

ಲಿಂಫೋಮಾದಲ್ಲಿ ಈ ಭಯಕ್ಕೆ ಆಧಾರವಿಲ್ಲ. ಇದು ರಕ್ತದ ಕಣಗಳ ಕಾಯಿಲೆ, ಸೂಜಿಯ ಸಹಾಯವಿಲ್ಲದೆಯೂ ಮೈಯೆಲ್ಲ ಓಡಾಡಬಲ್ಲದು. ಚಿಕಿತ್ಸೆಯೂ ಮೈಯೆಲ್ಲ ತಲುಪುವ ಔಷಧಿಯೇ.

ಎಫ್‌ಎನ್‌ಎಸಿ ಆಗಿದೆ. ಮತ್ತೆ ಬಯಾಪ್ಸಿ ಎನ್ನುತ್ತಾರೆ, ಹಣ ಕೀಳಲಿಕ್ಕೆ ಅಲ್ಲವೇ?

ಈ ವಿಷಯದಲ್ಲಿ ಅಲ್ಲ. ಸಣ್ಣ ಸೂಜಿಯಿಂದ ಹೀರಿ ನೋಡುವ ಎಫ್‌ಎನ್‌ಎಸಿಯಲ್ಲಿ ಬರುವುದು ಬಿಡಿ ಕಣಗಳು, ಅಂಗಾಂಶದ ರಚನೆ ಗೊತ್ತಾಗುವುದಿಲ್ಲ. ಲಿಂಫೋಮಾದಲ್ಲಿ ಹತ್ತಾರು ಬಗೆಗಳಿವೆ, ಒಂದೊಂದಕ್ಕೂ ಔಷಧಿ ಬೇರೆ. ದಪ್ಪ ಸೂಜಿಯ ಬಯಾಪ್ಸಿ ಅಥವಾ ಇಡೀ ಗ್ರಂಥಿ ತೆಗೆದು ನೋಡುವುದು ಬೇಕೇ ಬೇಕು. ಅದರ ಮೇಲೆ ಐಎಚ್‌ಸಿ ಎಂಬ ಬಣ್ಣದ ಪರೀಕ್ಷೆಗಳು: ಸಿಡಿ20, ಸಿಡಿ3, ಸಿಡಿ10, ಬಿಸಿಎಲ್2, ಬಿಸಿಎಲ್6. ಕಣಗಳ ವೇಗ ತೋರಿಸುವ ಕೆಐ-67 ಬರ್ಕಿಟ್‌ನಲ್ಲಿ ಹತ್ತಿರ ಹತ್ತಿರ 100% ಇರುತ್ತದೆ. ‘ಫಿಶ್’ ಪರೀಕ್ಷೆ ಎಂಬ ಪದ ಕಂಡರೆ ಅದು ಮಿಕ್ ಎಂಬ ಜೀನ್ ಸ್ಥಾನ ಬದಲಿಸಿದೆಯೇ ಎಂದು ನೋಡುವುದು. ಉತ್ತರ ಹೌದಾದರೆ ಚಿಕಿತ್ಸೆ ಹೆಚ್ಚು ಬಿಗಿಯಾಗಬಹುದು.

ಎರಡನೇ ಅಭಿಪ್ರಾಯಕ್ಕೆ ಬೇರೆ ಆಸ್ಪತ್ರೆಗೆ ಹೋಗುವುದಾದರೆ ವರದಿಯ ಕಾಗದ ಸಾಲದು. ಪ್ರಯೋಗಾಲಯದಿಂದ ಗಾಜಿನ ಸ್ಲೈಡ್‌ಗಳನ್ನೂ ಮೇಣದ ಬ್ಲಾಕ್‌ಗಳನ್ನೂ ಕೇಳಿ ಪಡೆಯಿರಿ. ಅವು ಇದ್ದರೆ ಸಾಮಾನ್ಯವಾಗಿ ಮತ್ತೊಮ್ಮೆ ಚುಚ್ಚಿಸಿಕೊಳ್ಳಬೇಕಾಗದು. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬ್ಲಾಕ್ ಬಿಟ್ಟು ಹೋಗಬೇಡಿ, ಮೇಣ ಮೆತ್ತಗಾಗುತ್ತದೆ.

ಇಷ್ಟು ದೊಡ್ಡ ಗೆಡ್ಡೆ. ಕೊಯ್ದು ತೆಗೆದುಬಿಟ್ಟರೆ ಆಗದೇ?

ಕರುಳು ತೂತಾಗಿದ್ದರೆ, ಕಟ್ಟಿಕೊಂಡಿದ್ದರೆ, ರಕ್ತಸ್ರಾವ ನಿಲ್ಲದಿದ್ದರೆ ಶಸ್ತ್ರಚಿಕಿತ್ಸೆ ಬೇಕು. ಉಳಿದಂತೆ ಸಾಮಾನ್ಯವಾಗಿ ಬೇಡ. ಕತ್ತಿಯಿಂದ ಈ ಕಾಯಿಲೆ ವಾಸಿಯಾಗುವುದಿಲ್ಲ, ಗಾಯ ಮಾಯುವವರೆಗೆ ಕೀಮೋ ತಡವಾಗುತ್ತದೆ. ಆ ಅವಧಿಯಲ್ಲಿ ಆಕ್ರಮಣಕಾರಿ ಲಿಂಫೋಮಾ ಸುಮ್ಮನಿರುವುದಿಲ್ಲ.

ಕೀಮೋ ಮೊದಲು ಇಷ್ಟೊಂದು ಪರೀಕ್ಷೆ ಏಕೆ?

ಪೆಟ್-ಸಿಟಿ ಕಾಯಿಲೆ ಎಲ್ಲೆಲ್ಲಿದೆ ಎಂದು ತೋರಿಸುತ್ತದೆ. ಎಕೋ ಹೃದಯದ್ದು, ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧಿ ಹೃದಯಕ್ಕೆ ಭಾರ. ಹೆಪಟೈಟಿಸ್ ಬಿ ಪರೀಕ್ಷೆ ಬಿಡಲೇಬಾರದು: ಲಿಂಫೋಮಾಗೆ ಕೊಡುವ ರಿಟುಕ್ಸಿಮ್ಯಾಬ್ ಎಂಬ ಔಷಧಿಯಿಂದ ಮಲಗಿದ್ದ ವೈರಸ್ ಎದ್ದು ಲಿವರ್ ಕೆಡಿಸಬಲ್ಲದು, ಮೊದಲೇ ತಿಳಿದರೆ ಮಾತ್ರೆಯಿಂದ ತಡೆಯಬಹುದು. ಎಚ್‌ಐವಿ ಪರೀಕ್ಷೆ ಬರೆದರೆ ಮುಜುಗರ ಪಡಬೇಡಿ. ಬರ್ಕಿಟ್‌ನಂತಹ ಬಗೆಗಳಿಗೂ ಎಚ್‌ಐವಿಗೂ ನಂಟಿದೆ, ಸೋಂಕಿದ್ದರೂ ಎಆರ್‌ಟಿ ಎಂಬ ಎಚ್‌ಐವಿ ಔಷಧಿಗಳ ಜೊತೆಗೆ ಪೂರ್ತಿ ಚಿಕಿತ್ಸೆ ಕೊಡಬಹುದು. ಕಿಡ್ನಿ ಅಥವಾ ಅಡ್ರಿನಲ್‌ನಲ್ಲಿ ಕಾಯಿಲೆ ಇರುವವರಲ್ಲಿ ಅದು ಮೆದುಳಿಗೆ ಹೋಗುವ ಸಂಭವ ಹೆಚ್ಚು. ಬೆನ್ನುನೀರಿನ ಪರೀಕ್ಷೆ ಬರೆಯುವುದು ಅದಕ್ಕೆ.

ಯಾವ ಚಿಕಿತ್ಸೆ ಕೊಡುತ್ತಾರೆ?

ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಬಗೆಗೆ ಸಾಮಾನ್ಯವಾಗಿ ಆರ್-ಚಾಪ್ ಎಂಬ ಔಷಧಿಗಳ ಜೋಡಣೆ: 21 ದಿನಕ್ಕೊಮ್ಮೆ, ಬಹುತೇಕ 6 ಸುತ್ತು. ಇದರಲ್ಲಿನ ‘ಆರ್’ ರಿಟುಕ್ಸಿಮ್ಯಾಬ್. 1997ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಾಗ ಅದು ನಮ್ಮ ಮಧ್ಯಮವರ್ಗದ ಕೈಗೆ ಎಟುಕುವಂತಿರಲಿಲ್ಲ. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ಅದರ ಸ್ವದೇಶಿ ರೂಪ ತಂದ ಮೇಲೆ ಪರಿಸ್ಥಿತಿ ಬದಲಾಯಿತು. ಬರ್ಕಿಟ್‌ಗೆ ಆರ್-ಚಾಪ್ ಸಾಲದು, ಆಸ್ಪತ್ರೆಯಲ್ಲಿ ಮಲಗಿಸಿ ಇನ್ನೂ ತೀವ್ರವಾದ ಔಷಧಿ ಕ್ರಮ ಕೊಡುತ್ತಾರೆ.

ಮೊದಲ ವಾರ ಎಳನೀರು ಬೇಡ ಎಂದರು. ಎಳನೀರಿನಿಂದ ಏನು ತೊಂದರೆ?

ನೂರಾರು ಗ್ರಾಂ ಗೆಡ್ಡೆ ಕೆಲವೇ ದಿನಗಳಲ್ಲಿ ಕರಗಿದರೆ ಆ ಕಣಗಳೊಳಗಿನ ಪೊಟ್ಯಾಷಿಯಂ, ಫಾಸ್ಫೇಟ್, ಯೂರಿಕ್ ಆಮ್ಲ ಎಲ್ಲ ಒಮ್ಮೆಲೇ ರಕ್ತಕ್ಕೆ ಬರುತ್ತವೆ. ಕಿಡ್ನಿ ನಿಲ್ಲಬಹುದು, ಹೃದಯದ ಬಡಿತ ತಪ್ಪಬಹುದು. ಬರ್ಕಿಟ್‌ನಲ್ಲಿ ಇದು ಔಷಧಿ ಕೊಡುವ ಮೊದಲೇ ಆರಂಭವಾಗಿರುವುದುಂಟು. ಅದಕ್ಕಾಗಿ ಸಲೈನ್, ಯೂರಿಕ್ ಆಮ್ಲ ಇಳಿಸುವ ಅಲೊಪ್ಯುರಿನಾಲ್ ಅಥವಾ ರಾಸ್ಬುರಿಕೇಸ್, ದಿನಕ್ಕೆ ಹಲವು ಬಾರಿ ರಕ್ತಪರೀಕ್ಷೆ. ಎಳನೀರಿನಲ್ಲಿ ಪೊಟ್ಯಾಷಿಯಂ ಹೇರಳ. ಆಸ್ಪತ್ರೆಗೆ ರೋಗಿ ನೋಡಲು ಬರುವ ನೆಂಟರು ತಪ್ಪದೆ ತರುವುದೂ ಅದನ್ನೇ. ಬಂದ ಎಳನೀರನ್ನು ಆ ವಾರ ಜೊತೆಯಲ್ಲಿರುವವರು ಕುಡಿಯಲಿ.

ಕೀಮೋ ಆಗಿ ವಾರದೊಳಗೆ ಹೊಟ್ಟೆ ತೀವ್ರವಾಗಿ ನೋಯುತ್ತಿದೆ. ಅಡ್ಡಪರಿಣಾಮವೇ?

ಇರಬಹುದು, ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಿ ಮಲಬದ್ಧತೆ ತರುತ್ತದೆ. ಆದರೆ ಕರುಳಿನ ಗೋಡೆಯೇ ಲಿಂಫೋಮಾ ಆಗಿದ್ದವರಲ್ಲಿ ಅದು ಕರಗಿದಾಗ ಗೋಡೆ ತೂತಾಗುವ ಅಪಾಯವಿದೆ. ಹಠಾತ್ ನೋವು, ಕಲ್ಲಿನಂತೆ ಬಿಗಿದ ಹೊಟ್ಟೆ, ಕಪ್ಪು ಮಲ, ವಾಂತಿ ಇದ್ದರೆ ತಕ್ಷಣ ತುರ್ತು ವಿಭಾಗಕ್ಕೆ ಹೋಗಿ. ಕೀಮೋದಲ್ಲಿರುವ ಸ್ಟೀರಾಯ್ಡ್ ಜ್ವರವನ್ನೂ ನೋವನ್ನೂ ಮುಚ್ಚಿಡುತ್ತದೆ ಎಂಬುದು ನೆನಪಿರಲಿ. ನೋವು ಸ್ವಲ್ಪವೇ ಇದೆ ಎಂದು ಬೆಳಗಿನವರೆಗೆ ಕಾಯಬೇಡಿ.

ರಾತ್ರಿ ಜ್ವರ ಬಂದರೆ?

ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಪ್ಯಾರಾಸಿಟಮಾಲ್ ನುಂಗಿ ಮಲಗುವ ಹಾಗಿಲ್ಲ. ಬಿಳಿ ಕಣ ಇಳಿದಿದ್ದಾಗ ಸೋಂಕು ಗಂಟೆಗಳಲ್ಲಿ ಕೈಮೀರುತ್ತದೆ. ನಿಮ್ಮ ಕ್ಯಾನ್ಸರ್ ಆಸ್ಪತ್ರೆ ನಗರದ ಇನ್ನೊಂದು ತುದಿಯಲ್ಲಿದ್ದು ದಾರಿಯಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್ ಇದ್ದರೆ, ಮನೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿ ನರದ ಮೂಲಕ ಆ್ಯಂಟಿಬಯೋಟಿಕ್ ಕೊಡುತ್ತಾರೆ ಎಂದು ಮೊದಲ ಸುತ್ತಿಗೆ ಮುಂಚೆಯೇ ವಿಚಾರಿಸಿಕೊಳ್ಳಿ. ಡಿಸ್ಚಾರ್ಜ್ ಚೀಟಿಯ ಒಂದು ಪ್ರತಿ ಬಾಗಿಲ ಬಳಿಯೇ ಇರಲಿ. 108ಕ್ಕೆ ಕರೆ ಮಾಡಿದಾಗ ‘ಕೀಮೋ ರೋಗಿ, ಜ್ವರ’ ಎಂದೇ ಹೇಳಿ.

ಬೆಂಗಳೂರಿನಲ್ಲಿ ಎಲ್ಲಿಗೆ ಹೋಗಬೇಕು? ಹಣ?

1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆ ಸರ್ಕಾರಿ ವಲಯದ ದೊಡ್ಡ ಕ್ಯಾನ್ಸರ್ ಕೇಂದ್ರ, ನಿಮ್ಹಾನ್ಸ್ ಪಕ್ಕದಲ್ಲೇ ಇದೆ. ಕೋರಮಂಗಲದ ಸೇಂಟ್ ಜಾನ್ಸ್, ಬಸವನಗುಡಿ ಭಾಗದ ಶ್ರೀ ಶಂಕರ ಆಸ್ಪತ್ರೆ, ಇನ್ನೂ ಹಲವು ಖಾಸಗಿ ಕೇಂದ್ರಗಳಿವೆ. ಕಟ್ಟಡ ನೋಡಿ ಆರಿಸಬೇಡಿ. ಲಿಂಫೋಮಾವನ್ನು ನಿತ್ಯ ನೋಡುವ ಪೆಥಾಲಜಿಸ್ಟ್ ಇದ್ದಾರೆಯೇ, ತುರ್ತಿಗೆ ಶಸ್ತ್ರವೈದ್ಯರು ಮತ್ತು ಡಯಾಲಿಸಿಸ್ ಅದೇ ಆವರಣದಲ್ಲಿ ಸಿಗುತ್ತದೆಯೇ ಎಂದು ಕೇಳಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30% ಮಾತ್ರ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಪಡಿತರ ಚೀಟಿಯಲ್ಲಿ ರೋಗಿಯ ಹೆಸರಿಲ್ಲದೆ, ಆಧಾರ್‌ನಲ್ಲಿ ಬೇರೆ ಕಾಗುಣಿತವಿದ್ದು ಎಷ್ಟೋ ಮನೆಯವರು ಕೌಂಟರ್‌ನಿಂದ ಕೌಂಟರ್‌ಗೆ ಅಲೆಯುತ್ತಾರೆ. ಬಯಾಪ್ಸಿ ವರದಿಗೆ ಕಾಯುವ ದಿನಗಳಲ್ಲೇ ಅದನ್ನು ಸರಿಪಡಿಸಿಕೊಳ್ಳಿ.

ಊಟ, ಪಥ್ಯ? ಮಲೆನಾಡಿನ ಬೇರು-ತೊಗಟೆಯ ಔಷಧಿ ತರಿಸೋಣವೇ?

ಬೇಯಿಸಿದ್ದು, ಬಿಸಿಯಾಗಿದ್ದು, ಮನೆಯದ್ದು ಆದರೆ ಸಾಕು. ಮುದ್ದೆ, ಅನ್ನ, ಬೇಳೆಸಾರು, ಬೆಂದ ಮೊಟ್ಟೆ ಎಲ್ಲ ಆಗಬಹುದು. ಬಿಳಿ ಕಣ ಇಳಿದಿರುವ ದಿನಗಳಲ್ಲಿ ಹಸಿ ಕೋಸಂಬರಿ, ಗಾಡಿಯಲ್ಲಿ ಹೆಚ್ಚಿಟ್ಟ ಹಣ್ಣು, ಹೊರಗಿನ ಚಟ್ನಿ ಬೇಡ. ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಸಾಯುತ್ತದೆ ಎಂಬುದು ಬರೀ ಮಾತು. ತೂಕ ಕಳೆದುಕೊಳ್ಳುತ್ತಿರುವವರನ್ನು ಉಪವಾಸ ಕೆಡವಬೇಡಿ.

ಬೇರು-ತೊಗಟೆಯ ಬಗ್ಗೆ ಮುಲಾಜಿಲ್ಲದೆ ಹೇಳುತ್ತೇನೆ, ಬೇಡ. ಅದರಲ್ಲೇನಿದೆ ಎಂದು ತಿಳಿಯದೆ ಲಿವರ್‌ಗೆ ಏಟು ಬಿದ್ದರೆ ಕೀಮೋ ನಿಲ್ಲುತ್ತದೆ. ವಾರಗಳಲ್ಲಿ ಬೆಳೆಯುವ ಕಾಯಿಲೆಗೆ ‘ಮೂರು ತಿಂಗಳು ನೋಡೋಣ’ ಎಂಬ ಪ್ರಯೋಗ ದುಬಾರಿ. ಈಗಾಗಲೇ ಕೊಟ್ಟಿದ್ದರೆ ಬೈಗುಳದ ಭಯ ಬಿಟ್ಟು ವೈದ್ಯರಿಗೆ ತಿಳಿಸಿ.

ಮನೆಯಲ್ಲಿ ಮಕ್ಕಳಿಗೆ ಅಂಟುತ್ತದೆಯೇ? ವಂಶಪಾರಂಪರ್ಯವೇ?

ಅಂಟುವುದಿಲ್ಲ. ತಟ್ಟೆ, ಲೋಟ ಬೇರೆ ಇಡುವುದು ಬೇಡ. ವಂಶದಲ್ಲಿ ಸಾಗುವ ಕಾಯಿಲೆಯೂ ಇದಲ್ಲ.

ಪೂರ್ತಿ ವಾಸಿಯಾಗುತ್ತದೆಯೇ? ಮರಳಿದರೆ?

ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಬಗೆಯಲ್ಲಿ ಆರ್-ಚಾಪ್ ಪಡೆದವರಲ್ಲಿ ಸುಮಾರು 60% ಜನ ವಾಸಿಯಾಗುತ್ತಾರೆ. ವಯಸ್ಸು, ಹಂತ, ಎಲ್‌ಡಿಎಚ್ ನೋಡಿ ಈ ಅಂಕಿ ಮೇಲೆ ಕೆಳಗೆ ಆಗುತ್ತದೆ. ಬರ್ಕಿಟ್‌ನಲ್ಲೂ ತೀವ್ರ ಚಿಕಿತ್ಸೆ ತಡೆದುಕೊಂಡವರಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಟಿ-ಸೆಲ್ ಬಗೆಗಳು ಕಠಿಣ, ಅಲ್ಲಿ ಇಷ್ಟು ಭರವಸೆಯಿಂದ ಮಾತನಾಡಲಾರೆ.

ಮರಳಿದರೆ ಬೇರೆ ಕೀಮೋ, ಸ್ವಂತ ಕಾಂಡಕೋಶಗಳ (ಸ್ಟೆಮ್ ಸೆಲ್) ಕಸಿ, ಈಗ ಕಾರ್-ಟಿ. ರೋಗಿಯದೇ ಟಿ-ಕಣಗಳನ್ನು ತೆಗೆದು, ಲಿಂಫೋಮಾ ಕಣವನ್ನು ಗುರುತಿಸುವಂತೆ ಬದಲಿಸಿ ಮರಳಿ ಕೊಡುವ ಕ್ರಮ ಇದು. ಐಐಟಿ ಬಾಂಬೆಯಲ್ಲಿ ರೂಪುಗೊಂಡ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. 2025ರಲ್ಲಿ ಬೆಂಗಳೂರಿನದೇ ಆದ ಇಮ್ಯುನೀಲ್ ಕಂಪನಿ ಕಾರ್ಟೆಮಿಯನ್ನು ತಂದಿತು. ವಿದೇಶಕ್ಕೆ ಹೋಲಿಸಿದರೆ ಬೆಲೆ ಕಡಿಮೆ, ಆದರೂ ಲಕ್ಷಗಳ ಮಾತು.

ನನಗೆ 28 ವರ್ಷ, ಇನ್ನೂ ಮದುವೆಯಾಗಿಲ್ಲ. ಮುಂದೆ ಮಕ್ಕಳಾಗುತ್ತವೆಯೇ?

ಬಹಳ ಜನರಿಗೆ ಆಗಿವೆ. ಆದರೂ ಗಂಡಸರು ಮೊದಲ ಕೀಮೋಗೆ ಮುನ್ನ ವೀರ್ಯ ಶೇಖರಿಸಿಡುವುದು ಒಂದು ದಿನದ ಕೆಲಸ, ಅದನ್ನು ಬಿಡಬೇಡಿ. ಹೆಂಗಸರಲ್ಲಿ ಅಂಡಾಣು ಸಂಗ್ರಹಕ್ಕೆ ಸುಮಾರು ಎರಡು ವಾರ ಬೇಕು, ಬರ್ಕಿಟ್‌ನಲ್ಲಿ ಅಷ್ಟು ಕಾಲಾವಕಾಶ ಸಿಗುವುದಿಲ್ಲ. ಅಂಡಾಶಯವನ್ನು ಕಾಪಾಡಲು ಕೊಡುವ ಮಾಸಿಕ ಇಂಜೆಕ್ಷನ್ ನಿಮಗೆ ಸೂಕ್ತವೇ ಎಂದು ವಿಚಾರಿಸಿ. ತುಂಬಿದ ಒಪಿಡಿಯಲ್ಲಿ, ಅಪ್ಪ ಅಮ್ಮನ ಮುಂದೆ ಈ ಮಾತು ಬಾಯಿಗೆ ಬರುವುದು ಕಷ್ಟ. ಒಂದು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಟ್ಟರೂ ಆಗುತ್ತದೆ.